ನಾವು ವೋಟ್ ಹಾಕಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು?

2024ರ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ಲೋಕಸಭೆ ಚುನಾವಣೆಯ ಮತದಾನ ಇತ್ತು. ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮ ಬೆಳಗ್ಗೆಯೇ ಮಹಡಿ ಹತ್ತಿ ಸಂಡಿಗೆ ಇಡುತ್ತಾ ಕೂತಿದ್ದರು. ಬಿಸಿಲು ಇಳಿದ ಮೇಲೆ ವೋಟ್ ಹಾಕಿ ಬಂದರಾಯಿತು ಅಂತ ಅವರ ಲೆಕ್ಕ. ಮಧ್ಯಾಹ್ನ ಎರಡೂವರೆಗೆ ಅವರ ಮೊಬೈಲಿಗೆ ಫೋನ್ ಬಂತು.

"ಅಮ್ಮಾ, ಇನ್ನೂ ವೋಟ್ ಹಾಕಿಲ್ಲ ಅಲ್ವಾ? ನಿಮ್ಮ ಮನೇದು ನಾಲ್ಕರಲ್ಲಿ ಎರಡು ಬಿದ್ದಿದೆ. ನೀವು, ನಿಮ್ಮ ಸೊಸೆ ಇಬ್ಬರೇ ಬಾಕಿ. ಆಟೋ ಕಳಿಸ್ಲಾ?"

"ಬೇಡಪ್ಪ, ನಾವೇ ಹೋಗ್ತೀವಿ. ನೀನ್ಯಾರು?"

"ನಿಮ್ಮ ಮನೆ ಹುಡುಗ ಅಂತಾನೇ ತಿಳ್ಕೊಳಿ ಅಮ್ಮ."

ಯಾವ ಪಕ್ಷಕ್ಕೆ ಹಾಕಬೇಕು ಅಂತಲೂ ಅವನು ಹೇಳಿದ. ಫೋನ್ ಇಟ್ಟ ಅಮ್ಮ, "ಪಾಪ, ಯಾರ ಮಗನೋ, ಬಿಸಿಲಲ್ಲಿ ನೆನಪಿಟ್ಕೊಂಡು ಕೇಳ್ತಾನೆ" ಅಂದರು. ನನಗೆ ಮಾತ್ರ ಸಂಡಿಗೆ ಗಂಟಲಲ್ಲಿ ಸಿಕ್ಕಿದ ಹಾಗಾಯಿತು. (ಮತದಾರರನ್ನು ಮತಗಟ್ಟೆಗೆ ಕರೆತರಲು ಅಭ್ಯರ್ಥಿ ಕಡೆಯವರು ಬಾಡಿಗೆ ಗಾಡಿ ಕಳಿಸುವುದು ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಚುನಾವಣಾ ಅಕ್ರಮ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.)

ಆ ಹುಡುಗನ ಹತ್ತಿರ ಮೂರು ಸಂಗತಿಗಳಿದ್ದವು. ಅಮ್ಮನ ನಂಬರು. ನಮ್ಮ ಮನೆಯಲ್ಲಿ ಎಷ್ಟು ವೋಟಿವೆ, ಯಾರಿಗೆ ಯಾರು ಏನಾಗಬೇಕು ಎಂಬ ಲೆಕ್ಕ. ಆ ಹೊತ್ತಿಗೆ ಯಾರು ಮತಗಟ್ಟೆಗೆ ಹೋಗಿ ಬಂದಿದ್ದಾರೆ ಎಂಬ ಸುದ್ದಿ. ಇದರಲ್ಲಿ ಒಂದನ್ನೂ ಅವನು ಕದ್ದಿರಬೇಕಿಲ್ಲ. ನನ್ನನ್ನು ಕಾಡಿದ್ದು ಅದೇ.

ಕೊನೆಯದನ್ನು ಮೊದಲು ಬಿಡಿಸೋಣ, ಅದೇ ಸುಲಭ. ಮತಗಟ್ಟೆಯೊಳಗೆ ಪ್ರತಿ ಅಭ್ಯರ್ಥಿಯ ಏಜೆಂಟ್ ಕೂತಿರುತ್ತಾನೆ. ಅವನ ಮುಂದೆ ಮತದಾರರ ಪಟ್ಟಿ ಇರುತ್ತದೆ. ನೀವು ಒಳಗೆ ಹೋದ ಕೂಡಲೇ ಅಧಿಕಾರಿ ನಿಮ್ಮ ಕ್ರಮಸಂಖ್ಯೆ ಮತ್ತು ಹೆಸರನ್ನು ಜೋರಾಗಿ ಓದುತ್ತಾರೆ. ಏಜೆಂಟ್ ಟಿಕ್ ಹಾಕುತ್ತಾನೆ. ಕಳ್ಳವೋಟು ತಡೆಯಲು ಮಾಡಿದ ಒಳ್ಳೆಯ ಏರ್ಪಾಡು ಅದು. ಆ ಪಟ್ಟಿಯನ್ನು ಹೊರಗೆ ಒಯ್ಯುವಂತಿಲ್ಲ ಅಂತ ನಿಯಮ ಇದೆ. ಆದರೆ ಪಾಳಿ ಬದಲಾಗುವಾಗ ಲೆಕ್ಕ ಹೊರಗೆ ಬಂದೇ ಬರುತ್ತದೆ. ಮತಗಟ್ಟೆಯಿಂದ ಒಂದಿಷ್ಟು ದೂರದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂತವರು ಮೊದಲು ಪೆನ್ನಲ್ಲಿ ಗೆರೆ ಎಳೆಯುತ್ತಿದ್ದರು. ಈಗ ಮೊಬೈಲ್ ಆ್ಯಪಿನಲ್ಲಿ ಒತ್ತುತ್ತಾರೆ. ಎಲ್ಲೋ ಕೂತ ಇನ್ನೊಬ್ಬನ ಪರದೆಯಲ್ಲಿ ನಮ್ಮ ಮನೆಯ ಎರಡು ಹೆಸರು ಬಣ್ಣ ಬದಲಿಸುತ್ತವೆ. ಉಳಿದ ಎರಡಕ್ಕೆ ಫೋನ್ ಹೋಗುತ್ತದೆ.

ಎರಡನೆಯದು ಮತದಾರರ ಪಟ್ಟಿಯಲ್ಲೇ ಇದೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ, ಗುರುತಿನ ಚೀಟಿಯ ನಂಬರು ಇವಿಷ್ಟು ಅಲ್ಲಿರುತ್ತವೆ. ಮಾನ್ಯತೆ ಪಡೆದ ಪಕ್ಷಗಳಿಗೆ ಇದನ್ನು ಪುಕ್ಕಟೆ ಕೊಡಬೇಕು ಅಂತ ನಿಯಮವೇ ಇದೆ. ನನ್ನ ಹೆಂಡತಿಯ ಹೆಸರಿನ ಕೆಳಗೆ ನನ್ನ ಹೆಸರು. ನನ್ನ ಹೆಸರಿನ ಕೆಳಗೆ ಅಪ್ಪನದು. ಅಪ್ಪನ ಹೆಸರು ಅಮ್ಮನ ಕೆಳಗೂ ಇದೆ. ಇಷ್ಟು ಸಿಕ್ಕರೆ ವಂಶವೃಕ್ಷ ಬರೆಯಲು ಜೋಯಿಸರು ಬೇಕಿಲ್ಲ.

ಪಟ್ಟಿಯ ಒಂದು ಪುಟದಲ್ಲಿ ಮೂವತ್ತು ಹೆಸರು ಹಿಡಿಯುತ್ತವೆ. ಬಿಜೆಪಿ ಈ ಪುಟವನ್ನೇ ಒಂದು ಘಟಕ ಮಾಡಿಕೊಂಡು 'ಪೇಜ್ ಪ್ರಮುಖ್' ಎಂಬ ಹುದ್ದೆ ಹುಟ್ಟುಹಾಕಿತು. ಮೂವತ್ತು ಜನರ ಜವಾಬ್ದಾರಿ ಒಬ್ಬ ಕಾರ್ಯಕರ್ತನದು. ಬೇರೆ ಪಕ್ಷಗಳೂ ತಮ್ಮದೇ ಹೆಸರಲ್ಲಿ ಇದನ್ನು ಮಾಡುತ್ತವೆ. ನೋಡಲು ಕಂಪ್ಯೂಟರ್ ಯುಗದ ತಂತ್ರದ ಹಾಗಿದೆ, ಆದರೆ ಬೇರು ಹಳೆಯದು. ನಮ್ಮ ರಸ್ತೆಯಲ್ಲಿ ಹಿಂದೆ ಒಬ್ಬರು ಹಿರಿಯ ಕಾರ್ಯಕರ್ತರಿದ್ದರು. ಯಾರ ಮನೆಯಲ್ಲಿ ಎಷ್ಟು ವೋಟು, ಯಾರ ಮಗಳು ಮದುವೆಯಾಗಿ ಮೈಸೂರಿಗೆ ಹೋದಳು, ಯಾರಿಗೆ ಯಾವ ಪಕ್ಷದ ಮೇಲೆ ಸಿಟ್ಟು, ಎಲ್ಲ ಅವರ ಬಾಯಲ್ಲಿತ್ತು. ಅವರು ತೀರಿಕೊಂಡಾಗ ಆ ಮಾಹಿತಿಯೂ ಅವರ ಜತೆ ಹೋಯಿತು. ಎಕ್ಸೆಲ್ ಹಾಳೆ ಸಾಯುವುದಿಲ್ಲ. ಅದನ್ನು ನಕಲು ಮಾಡಬಹುದು, ಮಾರಬಹುದು, ಇನ್ನೊಂದು ಹಾಳೆಗೆ ಜೋಡಿಸಬಹುದು.

ಜಾತಿ ಊಹಿಸುವ ಯಂತ್ರ ಬೆಂಗಳೂರಲ್ಲಿ ತಡವರಿಸುತ್ತದೆ

ಮತದಾರರ ಪಟ್ಟಿಯಲ್ಲಿ ಜಾತಿ ಇಲ್ಲ. ಪಟ್ಟಿಗೆ ಹೆಸರು ಸೇರಿಸಲು ತುಂಬುವ ಅರ್ಜಿಯೂ ನಿಮ್ಮ ಜಾತಿ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಟಿಕೆಟ್ ಹಂಚಿಕೆಯಿಂದ ಹಿಡಿದು ಗೆಲುವಿನ ಲೆಕ್ಕದವರೆಗೆ ಜಾತಿ ಇಲ್ಲದೆ ಮಾತು ಮುಂದಕ್ಕೆ ಹೋಗದು. ಹಾಗಾಗಿ ಹೆಸರಿನಿಂದ ಜಾತಿ ಊಹಿಸುವ ಪ್ರಯತ್ನ ನಡೆಯುತ್ತದೆ. ಉತ್ತರದ ಕೆಲವು ರಾಜ್ಯಗಳಲ್ಲಿ ಅಡ್ಡಹೆಸರು ನೋಡಿ ಒಂದಷ್ಟು ದೂರ ಹೋಗಬಹುದು. ನಮ್ಮ ಕಡೆ ಅದು ಬೇಗ ದಾರಿ ತಪ್ಪುತ್ತದೆ. ಹಳೇ ಮೈಸೂರು ಕಡೆಯ ಬಹುಪಾಲು ಜನರಿಗೆ ಅಡ್ಡಹೆಸರೇ ಇಲ್ಲ. ಆರ್. ಮಂಜುನಾಥ್ ಯಾವ ಜಾತಿ, ಹೇಳಿ? ಶೆಟ್ಟಿ ಅಂದರೆ ಬಂಟರಿರಬಹುದು, ಆರ್ಯವೈಶ್ಯರಿರಬಹುದು, ದೇವಾಂಗದವರಿರಬಹುದು. ರಾವ್ ಅಂತೂ ಯಾರು ಬೇಕಾದರೂ ಆಗಬಹುದು. ಧರ್ಮ ಊಹಿಸುವುದು ಸುಲಭ, ಜಾತಿ ಕಷ್ಟ.

ಇನಿಷಿಯಲ್ ಎಂಬ ಈ ಸಣ್ಣ ಸಂಗತಿ ನಮಗೆ ಕೊಟ್ಟ ರಕ್ಷಣೆಯ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಯಂತ್ರಕ್ಕೆ ಊಹೆ ಸಾಲದಾದಾಗ ಮನುಷ್ಯರನ್ನೇ ಬಾಗಿಲಿಗೆ ಕಳಿಸಬೇಕಾಗುತ್ತದೆ. ಬಾಗಿಲಿಗೆ ಬಂದವರು ಯಾರು ಎಂಬ ಪ್ರಶ್ನೆ ಆಗ ಏಳುತ್ತದೆ.

2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆದದ್ದು ಇದೇ. ಚಿಲುಮೆ ಎಂಬ ಸಂಸ್ಥೆಗೆ ಮತದಾರರಲ್ಲಿ ಜಾಗೃತಿ ಮೂಡಿಸಲು ಬಿಬಿಎಂಪಿ ಅನುಮತಿ ಕೊಟ್ಟಿತ್ತು. ಕೆಲಸ ಪೂರ್ತಿ ಉಚಿತ, ಪಾಲಿಕೆಗೆ ಒಂದು ಪೈಸೆ ಖರ್ಚಿಲ್ಲ. ಆ ಸಂಸ್ಥೆಯ ಹುಡುಗರು ಬೂತ್ ಮಟ್ಟದ ಅಧಿಕಾರಿಗಳು ಅಂತ ಹೇಳಿಕೊಂಡು ಮನೆಮನೆಗೆ ಹೋದರು, ಕುತ್ತಿಗೆಯಲ್ಲಿ ಗುರುತಿನ ಚೀಟಿಯೂ ಇತ್ತು ಎಂದು ದಿ ನ್ಯೂಸ್ ಮಿನಿಟ್ ಮತ್ತು ಪ್ರತಿಧ್ವನಿ ಸೇರಿ ವರದಿ ಮಾಡಿದವು. ಜನ ಅವರಿಗೆ ಜಾತಿ, ಮಾತೃಭಾಷೆ, ಮದುವೆ, ಓದು, ಕೆಲಸ, ಫೋನ್ ನಂಬರು, ಆಧಾರ್ ವಿವರ ಎಲ್ಲ ಹೇಳಿದರು. ಹೇಳಿದ್ದು ಸರ್ಕಾರಕ್ಕೆ ಅಂದುಕೊಂಡು. ಅದು ಹೋಗಿ ಸೇರಿದ್ದು 'ಡಿಜಿಟಲ್ ಸಮೀಕ್ಷಾ' ಎಂಬ ಖಾಸಗಿ ಆ್ಯಪಿಗೆ.

ಪ್ರಕರಣ ದಾಖಲಾಯಿತು, ಸಂಸ್ಥೆಗೆ ಸೇರಿದವರ ಬಂಧನವಾಯಿತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯಲ್ಲಿ ಆದ ಸೇರ್ಪಡೆ, ತೆಗೆದುಹಾಕುವಿಕೆಗಳನ್ನು ಮತ್ತೆ ಪರಿಶೀಲಿಸುವಂತೆ ಚುನಾವಣಾ ಆಯೋಗ ಹೇಳಿತು. ಪಕ್ಷಗಳು ಒಬ್ಬರ ಮೇಲೊಬ್ಬರು ಆರೋಪ ಮಾಡಿದರು. ಇದೆಲ್ಲ ಪತ್ರಿಕೆಯಲ್ಲಿ ಬಂದದ್ದೇ. ಬಾರದೇ ಉಳಿದ ಪ್ರಶ್ನೆ ಒಂದೇ. ಒಂದು ಸಂಸ್ಥೆ ಇಷ್ಟು ದೊಡ್ಡ ಊರಿನಲ್ಲಿ ಇಷ್ಟೊಂದು ಜನರನ್ನು ಸಂಬಳ ಕೊಟ್ಟು ಓಡಾಡಿಸಿ, ಪಾಲಿಕೆಯಿಂದ ದುಡ್ಡು ಬೇಡ ಅನ್ನುತ್ತದೆ ಅಂದರೆ, ದುಡ್ಡು ಬೇರೆಲ್ಲಿಂದ ಬರುತ್ತದೆ ಅಂತ ಅನುಮತಿ ಪತ್ರಕ್ಕೆ ಸಹಿ ಹಾಕಿದವರಿಗೆ ಅನ್ನಿಸಲಿಲ್ಲವೇ? ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಗಾದೆ ಕಚೇರಿಗಳಿಗೂ ಹೊಂದುತ್ತದೆ ಅಂತ ಆಗ ಗೊತ್ತಾಯಿತು.

ಹೂವು, ದಾರ

ಇನ್ನೊಂದು ಮಾಹಿತಿ ನಮ್ಮ ಕಣ್ಣೆದುರೇ ಇದೆ, ಯಾರೂ ಗಮನಿಸುವುದಿಲ್ಲ. ಚುನಾವಣೆ ಮುಗಿದ ಮೇಲೆ ಫಾರ್ಮ್ 20 ಎಂಬ ಲೆಕ್ಕದ ಹಾಳೆ ಪ್ರಕಟವಾಗುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಅಂತ ಅದರಲ್ಲಿ ಇರುತ್ತದೆ. ಒಂದು ಬೂತ್ ಅಂದರೆ ಸುಮಾರು ಸಾವಿರ ಮತದಾರರು, ನಾಲ್ಕೈದು ರಸ್ತೆ. ನನ್ನ ವೋಟು ಗುಟ್ಟು, ಸರಿ. ನನ್ನ ರಸ್ತೆಯ ವೋಟು ಗುಟ್ಟಲ್ಲ. ಕಾಗದದ ಮತಪತ್ರ ಇದ್ದ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಯ ಮತಗಳನ್ನು ಬೆರೆಸಿ ಎಣಿಸುವ ಅವಕಾಶ ನಿಯಮದಲ್ಲಿತ್ತು. ಯಂತ್ರ ಬಂದ ಮೇಲೆ ಒಂದೊಂದು ಯಂತ್ರವನ್ನೂ ಬೇರೆಯಾಗಿ ಎಣಿಸುತ್ತಾರೆ. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ 'ಟೋಟಲೈಸರ್' ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲಿಯೇ ಕೇಳಿತ್ತು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಹೌದು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಬೀದಿ ನಮ್ಮದು ಅಂತ ತಿಳಿಯುವ ಹಾದಿಯನ್ನು ಯಾವ ಪಕ್ಷ ತಾನೇ ಮುಚ್ಚೀತು?

ಹೀಗೆ ಬಿಡಿ ಬಿಡಿಯಾಗಿ ಬಿದ್ದಿರುವ ಹೂವುಗಳಿವೆ. ಪಟ್ಟಿ ಒಂದು ಕಡೆ, ಬೂತಿನ ಫಲಿತಾಂಶ ಇನ್ನೊಂದು ಕಡೆ, ಬಾಗಿಲಲ್ಲಿ ಕೇಳಿದ ಜಾತಿ ಮತ್ತೊಂದು ಕಡೆ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರ ಕೈ ನೋಡಿದ್ದೀರಲ್ಲ? ಬುಟ್ಟಿಯಲ್ಲಿ ಎಷ್ಟೇ ಹೂವಿರಲಿ, ದಾರ ಇಲ್ಲದೆ ಮಾರು ಆಗುವುದಿಲ್ಲ. ಇಲ್ಲಿ ದಾರ ನಮ್ಮ ಮೊಬೈಲ್ ನಂಬರು. ಹೆಸರು ಎರಡು ಕಡೆ ಎರಡು ಥರ ಬರೆದಿರಬಹುದು. ಮನೆ ನಂಬರು ಹಳೆಯದು, ಹೊಸದು ಅಂತ ಎರಡಿರಬಹುದು. ಮೊಬೈಲ್ ನಂಬರು ಒಂದೇ. ರೇಷನ್ ಕಾರ್ಡಿಗೂ ಅದೇ, ಗ್ಯಾಸಿಗೂ ಅದೇ, ವಾಟ್ಸಾಪಿಗೂ ಅದೇ. ಮತ್ತೆ, ನಿಮ್ಮ ಕಿವಿಯವರೆಗೆ ಬರಲು ಇರುವ ದಾರಿಯೂ ಅದೇ.

ನಂಬರು ಹೇಗೆ ಸಿಗುತ್ತದೆ ಅಂತ ನಾನು ಅಮ್ಮನನ್ನೇ ಕೇಳಿದೆ. ಸ್ವಲ್ಪ ಯೋಚಿಸಿ, "ಆ ಕಣ್ಣು ತಪಾಸಣೆ ಶಿಬಿರ ಇತ್ತಲ್ಲ, ಕಲ್ಯಾಣ ಮಂಟಪದಲ್ಲಿ" ಅಂದರು. ಚುನಾವಣೆಗೆ ಮೂರು ನಾಲ್ಕು ತಿಂಗಳ ಮೊದಲು ಯಾರೋ ಆಕಾಂಕ್ಷಿಯೊಬ್ಬರು ನಡೆಸಿದ ಉಚಿತ ಶಿಬಿರ. ಬಾಗಿಲಲ್ಲಿ ಒಂದು ರಿಜಿಸ್ಟರ್. ಹೆಸರು, ವಿಳಾಸ, ಫೋನು, ವೋಟರ್ ಐಡಿ ನಂಬರು. ಕಣ್ಣು ಪರೀಕ್ಷೆಗೆ ವೋಟರ್ ಐಡಿ ಯಾಕಮ್ಮ ಬೇಕು ಅಂದೆ. "ಕನ್ನಡಕ ಕೊಡ್ತೀವಿ ಅಂದ್ರು, ಕೇಳಿದ್ರು, ಕೊಟ್ಟೆ" ಅಂದರು. ಕನ್ನಡಕ ನಿಜವಾಗಿಯೂ ಕೊಟ್ಟಿದ್ದರು. ಚೆನ್ನಾಗಿಯೂ ಇದೆ.

ಇಂಥ ದಾರಿಗಳು ಬೇಕಾದಷ್ಟಿವೆ. ಮಿಸ್ಡ್ ಕಾಲ್ ಕೊಟ್ಟು ಪಕ್ಷದ ಸದಸ್ಯರಾಗಿ ಎಂಬ ಅಭಿಯಾನ. ಪಿಂಚಣಿ ಅರ್ಜಿ ತುಂಬಿಕೊಡುವ ಸೇವಾ ಕೇಂದ್ರ. ದೇವಸ್ಥಾನಕ್ಕೆ ಬಸ್ ಯಾತ್ರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ 'ನಮ್ಮ ಏರಿಯಾದ ಸಮಾಜಸೇವಕರು' ಅಂತ ಒಬ್ಬರನ್ನು ಸೇರಿಸುವುದು. ಒಂದು ಸಲ ಸೇರಿದರೆ ಇಡೀ ಗುಂಪಿನ ನಂಬರು ಕೈಗೆ ಬಂತು.

ಸರ್ಕಾರದ ಪಟ್ಟಿ ಮತ್ತು ಪಕ್ಷದ ಪಟ್ಟಿಯ ನಡುವಿನ ಗೋಡೆ ಎಲ್ಲಕ್ಕಿಂತ ತೆಳು. 2024ರ ಮಾರ್ಚಿನಲ್ಲಿ 'ವಿಕಸಿತ ಭಾರತ ಸಂಪರ್ಕ' ಹೆಸರಿನಲ್ಲಿ ಪ್ರಧಾನಿಯ ಪತ್ರ ಲೆಕ್ಕವಿಲ್ಲದಷ್ಟು ಜನರ ವಾಟ್ಸಾಪಿಗೆ ಬಂತು. ನೀತಿ ಸಂಹಿತೆ ಜಾರಿಯಾದ ಮೇಲೂ ಬರುತ್ತಲೇ ಇತ್ತು. ಕೊನೆಗೆ ಇದನ್ನು ನಿಲ್ಲಿಸಿ ಎಂದು ಚುನಾವಣಾ ಆಯೋಗ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಹೇಳಬೇಕಾಯಿತು. ಇನ್ನೊಂದು ಕಡೆ ಗ್ಯಾರಂಟಿ ಕಾರ್ಡುಗಳಿವೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವನ್ನು ಕರ್ನಾಟಕದ ಮನೆಮನೆಗೆ ಹಂಚಿತು. ಗೆದ್ದ ಮೇಲೆ ಇಂಥ ಯೋಜನೆ ಕೊಡುತ್ತೇವೆ, ಈಗಲೇ ಹೆಸರು ನೋಂದಾಯಿಸಿ ಎನ್ನುವ ಚಾಳಿ ಹಲವು ಪಕ್ಷಗಳಿಗೆ ಅಂಟಿತು. ಸಮೀಕ್ಷೆಯ ನೆಪದಲ್ಲಿ ಮತದಾರರ ವಿವರ ಬರೆದುಕೊಳ್ಳುವುದನ್ನು ಬಿಡಿ ಎಂದು ಆಯೋಗ 2024ರ ಮೇ 2ರಂದು ಎಲ್ಲ ಪಕ್ಷಗಳಿಗೂ ಎಚ್ಚರಿಕೆ ಕೊಟ್ಟಿತು. ಫಲಾನುಭವಿ ಎಂಬ ಪದವನ್ನು ಈಗ ಎಲ್ಲ ಪಕ್ಷದವರೂ ಮತದಾರ ಎಂಬರ್ಥದಲ್ಲಿ ಬಳಸುತ್ತಿದ್ದಾರೆ. ನಾಚಿಕೆಯೂ ಇಲ್ಲ.

ಮನಸ್ಸು ಬದಲಾಯಿಸುವ ಮಾಟ ಇದೆಯೇ?

ಡೇಟಾ, ಚುನಾವಣೆ ಅಂದ ಕೂಡಲೇ ಎಲ್ಲರೂ ಹೇಳುವುದು ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಬ್ರಿಟನ್ನಿನ ಚುನಾವಣಾ ಸಲಹಾ ಕಂಪನಿಯ ಕಥೆಯನ್ನು. 2018ರಲ್ಲಿ ಹೊರಬಂದದ್ದು. ಫೇಸ್‌ಬುಕ್‌ನಲ್ಲಿ ಒಂದು ಮನೋಪರೀಕ್ಷೆಯ ಆ್ಯಪ್. ಅದನ್ನು ಹಾಕಿಕೊಂಡವರ ಸ್ನೇಹಿತರ ವಿವರವೂ ಸೋರಿಹೋಯಿತು. ಜಗತ್ತಿನಲ್ಲಿ 8.7 ಕೋಟಿ ಖಾತೆಗಳಿಗೆ ಇದು ತಟ್ಟಿರಬಹುದು ಎಂದು ಫೇಸ್‌ಬುಕ್ಕೇ ಹೇಳಿತು. ಭಾರತದ ಲೆಕ್ಕ ನೋಡಿ. ಆ್ಯಪ್ ಹಾಕಿಕೊಂಡವರು 335 ಜನ. ತೊಂದರೆಗೆ ಸಿಕ್ಕಿರಬಹುದಾದವರು 5,62,455. ಅಂದರೆ ನಾನು ಹುಷಾರಾಗಿದ್ದೇನೆ ಅನ್ನುವುದಕ್ಕೆ ಅರ್ಥವಿಲ್ಲ. ನನ್ನ ಸ್ನೇಹಿತರೂ ಹುಷಾರಾಗಿರಬೇಕು.

ಆದರೆ ಆ ಕಂಪನಿ ಹೇಳಿಕೊಂಡ ಹಾಗೆ, ನಮ್ಮ ಸ್ವಭಾವ ಅಳೆದು ಮನಸ್ಸು ತಿರುಗಿಸುವ ಮಾಟ ಅದಕ್ಕೆ ಗೊತ್ತಿತ್ತೇ? ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ತನಿಖೆ ಮುಗಿಸಿ, ಅವರು ಬಳಸಿದ ವಿಧಾನಗಳು ಹೆಚ್ಚಾಗಿ ಎಲ್ಲರಿಗೂ ಸಿಗುವ ಸಾಮಾನ್ಯ ತಂತ್ರಗಳೇ ಅಂದಿತು. ಅಮೆರಿಕದ ಜೋಶುವಾ ಕಾಲಾ, ಡೇವಿಡ್ ಬ್ರೂಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞರು 49 ಪ್ರಯೋಗಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಒಂದು ಲೇಖನ ಬರೆದರು. ಅಲ್ಲಿನ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರದವರು ಮನೆಗೆ ಬಂದು, ಫೋನ್ ಮಾಡಿ, ಜಾಹೀರಾತು ತೋರಿಸಿ ಬದಲಾಯಿಸುವ ಮನಸ್ಸುಗಳು ಸರಾಸರಿ ಸೊನ್ನೆಯ ಹತ್ತಿರ ಅಂತ ಅವರ ಲೆಕ್ಕ.

ಹಾಗಾದರೆ ಇಷ್ಟೆಲ್ಲ ಖರ್ಚು ಯಾಕೆ? ಮನಸ್ಸು ಬದಲಾಯಿಸುವುದು ಕಷ್ಟ. ಆದರೆ ಕೂತವರನ್ನು ಎಬ್ಬಿಸುವುದು ಅಷ್ಟು ಕಷ್ಟವಲ್ಲ. ಮಿಶಿಗನ್ ರಾಜ್ಯದಲ್ಲಿ 2006ರಲ್ಲಿ ಒಂದು ಪ್ರಯೋಗ ನಡೆಯಿತು. ಹಿಂದಿನ ಚುನಾವಣೆಗಳಲ್ಲಿ ನೀವು, ನಿಮ್ಮ ಅಕ್ಕಪಕ್ಕದವರು ವೋಟ್ ಹಾಕಿದ್ದೀರೋ ಇಲ್ಲವೋ ನೋಡಿ ಅಂತ ಪಟ್ಟಿ ಹಚ್ಚಿ ಮನೆಗಳಿಗೆ ಕಾಗದ ಕಳಿಸಿದರು. ಅಂಥ ಕಾಗದ ಬಂದ ಮನೆಗಳಲ್ಲಿ ಮತದಾನ ಸುಮಾರು 8 ಶೇಕಡಾ ಅಂಶದಷ್ಟು ಏರಿತು. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಜನ ಎದ್ದು ಹೊರಡುತ್ತಾರೆ. ನಮ್ಮಮ್ಮನೂ ಆವತ್ತು ಬಿಸಿಲು ಇಳಿಯುವವರೆಗೆ ಕಾಯಲಿಲ್ಲ. ಮೂರು ಗಂಟೆಗೇ ಚಪ್ಪಲಿ ಹಾಕಿಕೊಂಡರು.

ಬೆಂಗಳೂರಿಗೆ ಈ ಲೆಕ್ಕ ಬಹಳ ಚೆನ್ನಾಗಿ ಕೂರುತ್ತದೆ. ಆ ಸಲ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ. 53ರ ಆಸುಪಾಸು. ಹೆಚ್ಚುಕಮ್ಮಿ ಅರ್ಧ ಊರು ಮನೆಯಲ್ಲೇ ಇತ್ತು. 2023ರ ವಿಧಾನಸಭೆ ಚುನಾವಣೆಯಲ್ಲಿ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತದಿಂದ. ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ 105 ಮತದಿಂದ. ಹದಿನಾರು ವೋಟು ಅಂದರೆ ನಮ್ಮ ಮನೆಯಂಥ ನಾಲ್ಕು ಮನೆ. ಮಹಡಿ ಮೇಲೆ ಸಂಡಿಗೆ ಇಡುತ್ತಾ ಕೂತ ಹತ್ತಾರು ಅಮ್ಮಂದಿರನ್ನು ಸರಿಯಾದ ಹೊತ್ತಿಗೆ ಕೆಳಗಿಳಿಸಿದರೆ ಒಬ್ಬ ಶಾಸಕ ಹುಟ್ಟುತ್ತಾನೆ.

ಜನ ಬಂದು ವೋಟ್ ಹಾಕಿದರೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ಒಳ್ಳೆಯದೇ. ತಕರಾರು ಇರುವುದು ಬೇರೆ ಕಡೆ. ಫೋನ್ ಎಲ್ಲರಿಗೂ ಬರುವುದಿಲ್ಲ. ಆ್ಯಪಿನಲ್ಲಿ ನಮ್ಮವರು, ಬೇರೆಯವರು, ಡೌಟು ಅಂತ ಮೂರು ಬಣ್ಣ ಮಾಡಿದರೆ, ಬೇರೆಯವರು ಅಂತ ಗುರುತಾದ ಮನೆಗೆ ಯಾರೂ ಹೋಗುವುದಿಲ್ಲ. ವೋಟಿನ ದಿನ ಮಾತ್ರವಲ್ಲ, ಐದು ವರ್ಷವೂ. ಆ ಗುರುತು ತಪ್ಪಾಗಿದ್ದರೆ ಸರಿಪಡಿಸಲು ಅವರಿಗೆ ಅದು ಗೊತ್ತೇ ಇರುವುದಿಲ್ಲ. ಬಾಡಿಗೆ ಮನೆಯವರು, ಮೊನ್ನೆ ತಾನೆ ಬಂದವರು, ಪಟ್ಟಿಯಲ್ಲಿ ಹೆಸರೇ ಇಲ್ಲದವರು ಈ ಲೆಕ್ಕದಲ್ಲಿ ಮನುಷ್ಯರೇ ಅಲ್ಲ.

ಇನ್ನೊಂದು, ಒಂದು ಬಾಗಿಲಿಗೆ ಹೇಳಿದ ಮಾತು ಪಕ್ಕದ ಬಾಗಿಲಿಗೆ ಕೇಳಿಸುವುದಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಭಾಷಣ ಮಾಡಿದವರು ಎಲ್ಲರಿಗೂ ಒಂದೇ ಸುಳ್ಳು ಹೇಳಬೇಕಿತ್ತು. ಮಾರನೇ ದಿನ ಎದುರಾಳಿ ಅದೇ ಮೈದಾನದಲ್ಲಿ ನಿಂತು ಅದನ್ನು ಬಯಲು ಮಾಡುತ್ತಿದ್ದ. ಈಗ ಆರ್ಯವೈಶ್ಯರ ಗುಂಪಿಗೆ ಒಂದು ಮಾತು, ತಮಿಳು ಮಾತನಾಡುವ ಮನೆಗಳಿಗೆ ಇನ್ನೊಂದು, ಟೆಕ್ಕಿಗಳಿಗೆ ಮತ್ತೊಂದು. ಯಾರು ಯಾರಿಗೆ ಏನು ಹೇಳಿದರು ಅಂತ ಊರಿಗೆ ಗೊತ್ತಾಗುವುದಿಲ್ಲ. ಜಾಹೀರಾತು ಆದರೆ ಒಂದಿಷ್ಟಾದರೂ ನೋಡಬಹುದು. ಗೂಗಲ್ 2020ರಿಂದ ಚುನಾವಣಾ ಜಾಹೀರಾತನ್ನು ವಯಸ್ಸು, ಲಿಂಗ, ಪಿನ್‌ಕೋಡ್ ಮಟ್ಟದ ಜಾಗ ಇಷ್ಟಕ್ಕೆ ಮಾತ್ರ ಗುರಿಯಿಡಲು ಬಿಡುತ್ತದೆ. ಮೆಟಾ 2022ರಲ್ಲಿ ಧರ್ಮ, ರಾಜಕೀಯ ಒಲವುಗಳಂಥ ಆಯ್ಕೆಗಳನ್ನು ತೆಗೆಯಿತು. ಆದರೆ ಜಾಹೀರಾತು ಕೊಡುವವರು ತಮ್ಮದೇ ನಂಬರುಗಳ ಪಟ್ಟಿ ತಂದು ಹಾಕುವ ದಾರಿ ಮೆಟಾದಲ್ಲಿ ಉಳಿಯಿತು. ಆ ಪಟ್ಟಿಯಲ್ಲಿರುವವರೆಲ್ಲ ಒಂದೇ ಜಾತಿಯವರು ಅಂತ ಕಂಪನಿಗೆ ಹೇಗೆ ಗೊತ್ತಾಗಬೇಕು? ವಾಟ್ಸಾಪ್ ಗುಂಪಿನ ಮಾತಂತೂ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಈ ಮಾಹಿತಿ ಮತದಾರನನ್ನು ಕರೆತರಲು ಮಾತ್ರ ಬಳಕೆಯಾಗುತ್ತದೆ ಅಂದುಕೊಂಡರೆ ಅದೂ ತಪ್ಪು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಪಟ್ಟಿಯಿಂದ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದವು ಯಾರದೋ ಹೆಸರಿನಲ್ಲಿ ಇನ್ಯಾರೋ ಹಾಕಿದ್ದು. ಹೆಸರುಗಳು ಉಳಿದವು, ಪ್ರಕರಣ ಸಿಐಡಿಗೆ ಹೋಯಿತು. ಯಾವ ಬೂತಿನಲ್ಲಿ ಯಾರ ವೋಟು ಯಾರಿಗೆ ಅಂತ ಮೊದಲೇ ಗೊತ್ತಿದ್ದರೆ, ಬರುವವರನ್ನು ಕರೆಯುವುದಕ್ಕಿಂತ ಬೇಡದವರನ್ನು ಅಳಿಸುವುದು ಅಗ್ಗ.

ಕಾನೂನು ಎಲ್ಲಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರು, 2024ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ತೀರ್ಪಿನ ಆಸುಪಾಸಿನಲ್ಲೇ ಶುರುವಾದ ಕಾನೂನಿನ ಕೆಲಸ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಗಿ ಮುಗಿಯಿತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಜವಾಬ್ದಾರಿಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು.

ಪಕ್ಷಗಳಿಗೆ ಈ ಕಾಯ್ದೆಯಲ್ಲಿ ಒಟ್ಟಾರೆ ವಿನಾಯಿತಿ ಇಲ್ಲ, ಇದು ಸಮಾಧಾನ. ತಪ್ಪು ಮಾಡಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಓದುತ್ತಾ ಹೋದರೆ ಸಂದಿಗೊಂದಿ ಕಾಣುತ್ತವೆ. ಕಾನೂನಿನ ಪ್ರಕಾರವೇ ಬಹಿರಂಗಪಡಿಸಿದ ಮಾಹಿತಿಗೆ ಕಾಯ್ದೆ ಅನ್ವಯವಾಗುವುದಿಲ್ಲ. ಮತದಾರರ ಪಟ್ಟಿ ಈ ಬಾಗಿಲಿನಿಂದ ನುಸುಳಿ ಹೋಗುತ್ತದೆ ಅಂತ ನನ್ನ ಓದು. 2019ರ ಮಸೂದೆಯಲ್ಲಿ ಜಾತಿ, ಧರ್ಮ, ರಾಜಕೀಯ ನಂಬಿಕೆಗಳನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆ ಇಟ್ಟು ಜಾಸ್ತಿ ರಕ್ಷಣೆ ಕೊಟ್ಟಿದ್ದರು. 2023ರ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ನನ್ನ ಜಾತಿಯೂ ನನ್ನ ಚಪ್ಪಲಿಯ ಅಳತೆಯೂ ಅದರ ಕಣ್ಣಿಗೆ ಒಂದೇ. ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ನಷ್ಟವಾದವರಿಗೆ ಪರಿಹಾರ ಇಲ್ಲ. ಸುಳ್ಳು ದೂರು ಕೊಟ್ಟರೆ ಮಾತ್ರ ನಮಗೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಯೂರೋಪಿಯನ್ ಒಕ್ಕೂಟದಲ್ಲಿ ಧರ್ಮ, ಜನಾಂಗದಂಥ ಮಾಹಿತಿ ಹಿಡಿದು ರಾಜಕೀಯ ಜಾಹೀರಾತು ಗುರಿಯಿಡುವುದನ್ನು 2025ರ ಅಕ್ಟೋಬರಿನಿಂದ ತಡೆದಿದ್ದಾರೆ. ಅಲ್ಲಿನ ನಿಯಮದ ಗೋಜೇ ಬೇಡ ಅಂತ ಗೂಗಲ್, ಮೆಟಾ ಎರಡೂ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿದವು.

ನಮ್ಮ ಕಾಯ್ದೆಯಲ್ಲೂ ಒಂದು ಒಳ್ಳೆಯ ಸಾಲಿದೆ. ಮಾಹಿತಿ ಇಟ್ಟುಕೊಂಡವರಲ್ಲಿ ಯಾರನ್ನು ದೊಡ್ಡ ಜವಾಬ್ದಾರಿಯ ಪಟ್ಟಿಗೆ ಸೇರಿಸಬೇಕು ಎಂದು ನೋಡುವಾಗ, ಚುನಾವಣಾ ಪ್ರಜಾಪ್ರಭುತ್ವಕ್ಕೆ ಅವರಿಂದ ಅಪಾಯ ಇದೆಯೇ ಎಂಬುದನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆ ಸಾಲನ್ನು ಪಕ್ಷಗಳ ಮೇಲೆ, ಅವುಗಳ ಡೇಟಾ ಕಂಪನಿಗಳ ಮೇಲೆ ಬಳಸುವ ಧೈರ್ಯ ಯಾವ ಸರ್ಕಾರಕ್ಕೆ ಬರುತ್ತದೆ, ಕಾದು ನೋಡಬೇಕು. ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ ತೋರಿಸಿ ಅಂತ ಕೇಳುವ ಹಕ್ಕೂ ಕಾಯ್ದೆಯಲ್ಲಿದೆ. ಮಾಹಿತಿ ಹಕ್ಕು ಕಾಯ್ದೆಗೆ ನೀವೂ ಒಳಪಡುತ್ತೀರಿ ಎಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲಿ ಆರು ರಾಷ್ಟ್ರೀಯ ಪಕ್ಷಗಳಿಗೆ ಹೇಳಿತ್ತು. ಅವು ಕಿವಿಗೇ ಹಾಕಿಕೊಳ್ಳಲಿಲ್ಲ. ಈ ಸಲ ಏನು ಮಾಡುತ್ತವೆ ಅಂತ ಕುತೂಹಲ ಇದೆ.

ಕಾನೂನನ್ನು ಬಿಡಿ, ನಮ್ಮ ನಂಬಿಕೆಗಳೂ ತಲೆಕೆಳಗಾಗಿವೆ. 2025ರ ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬೆಂಗಳೂರಿನ ಮನೆಗಳಿಗೆ ಗಣತಿದಾರರು ಬಂದಾಗ ಎಷ್ಟೋ ಜನ ಬಾಗಿಲು ಹಾಕಿಕೊಂಡರು. ಅರವತ್ತು ಪ್ರಶ್ನೆ, ನಮ್ಮ ವಿಷಯ ಇವರಿಗೇಕೆ ಅಂದರು. ಹೇಳಲೇಬೇಕೆಂಬ ಬಲವಂತ ಇಲ್ಲ, ಮಾಹಿತಿ ಗುಟ್ಟಾಗಿರಬೇಕು ಎಂದು ಹೈಕೋರ್ಟ್ ಆಗಲೇ ಆದೇಶಿಸಿತ್ತು. ಅಷ್ಟು ಕಾವಲಿದ್ದ ಕಡೆ ಬಾಯಿ ಬಿಡದ ನಾವು, ಯಾವ ಕಾವಲೂ ಇಲ್ಲದ ಕನ್ನಡಕದ ರಿಜಿಸ್ಟರಿನಲ್ಲಿ ಯಾಕೆ ಅಂತ ಕೇಳದೆಯೇ ಎಲ್ಲ ಬರೆದು ಬರುತ್ತೇವೆ. ತಪ್ಪು ಜನರದು ಅಂತ ನಾನು ಹೇಳುವುದಿಲ್ಲ. ಅಲ್ಲಿ ಪ್ರಶ್ನೆ ಮಾತ್ರ ಸಿಗುತ್ತದೆ, ಇಲ್ಲಿ ಕನ್ನಡಕ ಸಿಗುತ್ತದೆ.

ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ಕೊನೆಯ ಸಲ ನಡೆದದ್ದು 2015ರಲ್ಲಿ. ಆ ಅವಧಿ 2020ಕ್ಕೇ ಮುಗಿಯಿತು. ಅಂದಿನಿಂದ ಟಿಕೆಟ್ ಆಸೆ ಇಟ್ಟುಕೊಂಡ ನೂರಾರು ಜನ ತಮ್ಮ ತಮ್ಮ ವಾರ್ಡಿನಲ್ಲಿ ಶಿಬಿರ, ಯಾತ್ರೆ, ರಂಗೋಲಿ ಸ್ಪರ್ಧೆ ನಡೆಸುತ್ತಲೇ ಇದ್ದಾರೆ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ವಾರ್ಡಿನ ಗಡಿ ಬದಲಾಯಿತು, ರಿಜಿಸ್ಟರುಗಳು ಮಾತ್ರ ದಪ್ಪವಾಗುತ್ತಲೇ ಬಂದವು. ಅವು ಪಕ್ಷದ ಆಸ್ತಿಯಲ್ಲ, ಆಕಾಂಕ್ಷಿಯದೋ ಅವನು ಗೊತ್ತುಮಾಡಿದ ಕಂಪನಿಯದೋ ಆಸ್ತಿ.

ಮೊನ್ನೆ ಅಮ್ಮನಿಗೆ ಮತ್ತೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರಿಗೆ ಹಾಕಿ ಅಂದೆ. ಅದೇ ಹುಡುಗನ ದನಿ, ಅದೇ "ಅಮ್ಮಾ". ನಮ್ಮ ಅಣ್ಣಾವ್ರು ಈ ಸಲ ವಾರ್ಡಿಗೆ ನಿಲ್ಲುತ್ತಿದ್ದಾರೆ, ಆಶೀರ್ವಾದ ಮಾಡಿ ಅಂದ. ಅವನು ಹೇಳಿದ ಪಕ್ಷ ಹಿಂದಿನ ಸಲದ್ದಲ್ಲ, ಅದರ ಎದುರಾಳಿಯದು. ಅಮ್ಮನಿಗೆ ಇಂಥದ್ದೆಲ್ಲ ಚೆನ್ನಾಗಿ ನೆನಪಿರುತ್ತದೆ.

"ಏನಪ್ಪ, ಪಾರ್ಟಿ ಬದಲಾಯಿಸಿದ್ಯಾ?"

"ಇಲ್ಲಮ್ಮ, ನಾನು ಪಾರ್ಟಿಯವನಲ್ಲ. ಕಂಪನಿಯವನು. ಕನ್ನಡಕ ಸರಿಯಾಗಿದೆಯಾ ಅಮ್ಮ?"